ಶ್ರದ್ಧಾಂಜಲಿಗೆ ಯಾವ ಫೋಟೋ? ಭಾಂಡುಪ್‌ನ ಒಂದು ಮನೆಯ ಪ್ರಕರಣ

2023ರ ಆಗಸ್ಟ್‌ನಲ್ಲಿ ಮುಂಬೈಯ ಭಾಂಡುಪ್‌ನಲ್ಲಿ 22 ವರ್ಷದ ಹುಡುಗನೊಬ್ಬ ತೀರಿಕೊಂಡ. ಅವನಿಗೆ ಡುಶೇನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ಸ್ನಾಯುಗಳ ಕಾಯಿಲೆ ಇತ್ತು. ಮೂರನೇ ದಿನವೇ ಮನೆಯಲ್ಲಿ ಜಗಳ ಶುರುವಾಯಿತು. ಇಲ್ಲಿಯ ಕನ್ನಡ ಪತ್ರಿಕೆಗೆ ಶ್ರದ್ಧಾಂಜಲಿ ಕೊಡಬೇಕು, ಅದಕ್ಕೆ ಯಾವ ಫೋಟೋ ಹಾಕಬೇಕು ಎಂಬುದೇ ಜಗಳ. ವೀಲ್‌ಚೇರಿನಲ್ಲಿ ಕೂತು ನಗುತ್ತಿರುವ ಫೋಟೋ ಇರಲಿ ಎಂದಳು ಅಕ್ಕ. ಆ ಕುರ್ಚಿ ಕಾಣಲೇಬಾರದು ಎಂದರು ದೊಡ್ಡಪ್ಪ. ಒಂದು ಕಡೆ ಅಣ್ಣ, ಇನ್ನೊಂದು ಕಡೆ ಮಗಳು, ನಡುವೆ ಅಪ್ಪ. ಅಮ್ಮ ಬಾಯಿಯನ್ನೇ ತೆರೆಯಲಿಲ್ಲ.

ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಅಂಗವೈಕಲ್ಯ ಇದ್ದ ಮಕ್ಕಳು ಸತ್ತಾಗ ನಮ್ಮ ಮನೆಗಳಲ್ಲಿ ಎಲ್ಲರ ಬಾಯಿಗೂ ಬರುವುದು ಒಂದೇ ಮಾತು: "ಪಾಪ, ಬಚಾವಾದ." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಅಮ್ಮನಿಗೆ ಅಳುವುದಕ್ಕೂ ಜಾಗ ಉಳಿಯುವುದಿಲ್ಲ. ಬಚಾವಾದವನಿಗಾಗಿ ಯಾಕೆ ಅಳಬೇಕು, ಅಲ್ವಾ? ಅವನು ಏನು ಮಾಡುತ್ತಿದ್ದ, ಏನು ಇಷ್ಟಪಡುತ್ತಿದ್ದ, ಯಾರ ಜೊತೆ ಜಗಳವಾಡುತ್ತಿದ್ದ ಎಂದು ಯಾರೂ ಕೇಳುವುದಿಲ್ಲ. ಕಾಯಿಲೆಯೊಂದೇ ಅವನ ಕಥೆ ಆಗಿಬಿಡುತ್ತದೆ.

ಮನೆಗಳಿಗೆ ಹೋಗಿ ಆರೈಕೆ ಮಾಡುವ ಒಂದು ತಂಡದಲ್ಲಿ ನಾನು ಆಪ್ತಸಮಾಲೋಚಕಿ. ಕನ್ನಡ ಮಾತಾಡುವ ಮನೆಗಳು ಸಾಮಾನ್ಯವಾಗಿ ನನ್ನ ಪಾಲಿಗೆ ಬರುತ್ತವೆ. ಈ ಮನೆಗೆ ಹುಡುಗ ಬದುಕಿದ್ದಾಗಿನಿಂದಲೂ ಹೋಗುತ್ತಿದ್ದೆ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ಅವನ ಅಕ್ಕನನ್ನು ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ.

ಮನೆ, ಕಾಯಿಲೆ

ಕುಂದಾಪುರ ಕಡೆಯವರು. ಅಪ್ಪ ಹದಿನಾರು ಹದಿನೇಳರ ವಯಸ್ಸಿಗೇ ಹೋಟೆಲ್ ಕೆಲಸಕ್ಕೆಂದು ಮುಂಬೈಗೆ ಬಂದವರು. ಟೇಬಲ್ ಒರೆಸಿದರು, ಸಪ್ಲೈಯರ್ ಆದರು, ಕೊನೆಗೆ ಗಲ್ಲಾದಲ್ಲಿ ಕೂತರು. ಅಮ್ಮನ ತಮ್ಮ, ಅಂದರೆ ಮಕ್ಕಳ ಸೋದರಮಾವ, ಘಾಟ್‌ಕೋಪರ್‌ನಲ್ಲಿ ಕ್ಯಾಂಟೀನ್ ನಡೆಸುತ್ತಾರೆ. ಮೊದಲು ಇವರ ಮನೆ ಭಾಂಡುಪ್ ಪಶ್ಚಿಮದ ಗುಡ್ಡದ ಮೇಲಿತ್ತು. ಅಲ್ಲಿ ಎಲ್ಲಿಗೆ ಹೋಗಬೇಕಾದರೂ ಮೆಟ್ಟಿಲು. ಹುಡುಗನಿಗೆ ನಡೆಯಲು ಕಷ್ಟವಾದಾಗ ಕೆಳಗೆ ಒಂದು ಬೈಠೀ ಚಾಳಿಗೆ, ಅಂದರೆ ನೆಲಮಟ್ಟದ ಸಾಲುಮನೆಗೆ ಬಂದರು. ಬಾಡಿಗೆ ಜಾಸ್ತಿ, ಖೋಲಿ ಚಿಕ್ಕದು. ಆದರೆ ಬಾಗಿಲಿನಿಂದ ರಸ್ತೆಗೆ ಒಂದೇ ಮೆಟ್ಟಿಲು.

ಐದು ವರ್ಷದವರೆಗೆ ಹುಡುಗ ಓಡಾಡಿಕೊಂಡೇ ಇದ್ದ. ತುದಿಗಾಲಲ್ಲಿ ನಡೆಯುತ್ತಿದ್ದ, ಆಗಾಗ ಬೀಳುತ್ತಿದ್ದ. ನೆಲದಿಂದ ಏಳುವಾಗ ಕೈಯನ್ನು ಮೊಣಕಾಲಿಗೆ, ಆಮೇಲೆ ತೊಡೆಗೆ ಊರಿ ಏಳುತ್ತಿದ್ದ. ಮೀನಖಂಡ ದಪ್ಪಗಿತ್ತು. ಊರಿನವರು ಗಟ್ಟಿ ಕಾಲು ಎಂದು ಹೊಗಳಿದ್ದರಂತೆ. ಅದೇ ಈ ಕಾಯಿಲೆಯ ಗುರುತು. 2008ರಲ್ಲಿ ಪರೇಲಿನ ಒಂದು ಆಸ್ಪತ್ರೆಯಲ್ಲಿ ಮೊದಲು ಸ್ನಾಯುಗಳ ಹಾನಿ ತೋರಿಸುವ ಸಿಪಿಕೆ ರಕ್ತಪರೀಕ್ಷೆ, ಆಮೇಲೆ ಜೀನ್ ಪರೀಕ್ಷೆ ಆಗಿ ಕಾಯಿಲೆ ಗೊತ್ತಾಯಿತು.

ಸ್ನಾಯುಗಳು ಹರಿಯದಂತೆ ಕಾಯುವ ಡಿಸ್ಟ್ರೊಫಿನ್ ಎಂಬ ಪ್ರೋಟೀನು ಈ ಮಕ್ಕಳ ಮೈಯಲ್ಲಿ ತಯಾರಾಗುವುದಿಲ್ಲ. ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಹೀಗಾಗುತ್ತದೆ. ಮೊದಲು ಕಾಲು ಸೋಲುತ್ತದೆ, ಆಮೇಲೆ ಕೈ, ಆಮೇಲೆ ಉಸಿರಾಟ ಮತ್ತು ಹೃದಯ. ಸ್ಟೀರಾಯ್ಡ್ ಮಾತ್ರೆ, ಫಿಸಿಯೋಥೆರಪಿ, ರಾತ್ರಿ ಉಸಿರಾಟಕ್ಕೆ ಬೈಪಾಪ್ ಯಂತ್ರ, ಇವೆಲ್ಲ ವರ್ಷಗಳನ್ನು ಕೊಡುತ್ತವೆ. ಕಾಯಿಲೆ ಮಾತ್ರ ವಾಸಿಯಾಗುವುದಿಲ್ಲ. ಇವನು 2013ರಲ್ಲಿ ವೀಲ್‌ಚೇರಿಗೆ ಬಂದ. ಮೊದಲ ಸಲ ಅವನನ್ನು ಎತ್ತಿ ಅದರಲ್ಲಿ ಕೂರಿಸಿದವರು ಅಮ್ಮ. ಆ ಸಿಟ್ಟಿಗೆ ಅವನು ಬಹಳ ದಿನ ಅಮ್ಮನ ಜೊತೆ ಮಾತು ಬಿಟ್ಟಿದ್ದ.

ಅವನು ಏನು ಮಾಡುತ್ತಿದ್ದ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ಶ್ರದ್ಧಾಂಜಲಿಯ ಕರಡಿನಲ್ಲಿ ಇದ್ಯಾವುದೂ ಇರಲಿಲ್ಲ.

2017ರಲ್ಲಿ ಎಸ್ಸೆಸ್ಸಿ, ಅಂದರೆ ಹತ್ತನೇ ಕ್ಲಾಸು ಪಾಸಾದ. ಅವನು ಉತ್ತರ ಹೇಳಿದ, ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದಳು. ಹೀಗೆ ಬರೆಸುವ ಮಕ್ಕಳಿಗೆ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಸಿಗುತ್ತದೆ. ಆಮೇಲೆ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯದಿಂದ ಮನೆಯಲ್ಲೇ ಓದಿ ಬಿ.ಕಾಂ. ಮಾಡಿದ.

ಓದುವಾಗಲೇ ಮಾವನ ಕ್ಯಾಂಟೀನಿನ ಲೆಕ್ಕ ಕೈಗೆ ತೆಗೆದುಕೊಂಡ. ಕ್ಯಾಂಟೀನಿನ ಹುಡುಗರು ಬಿಲ್ಲುಗಳ ಫೋಟೋ ಕಳಿಸುತ್ತಿದ್ದರು. ಇವನು ಮಡಿಲಿನ ಮೇಲೆ ಹಲಗೆ ಇಟ್ಟುಕೊಂಡು, ಬೆರಳ ತುದಿಯಷ್ಟೇ ಆಡಿಸಿ, ಮೌಸಿನಿಂದ ಒಂದೊಂದೇ ಅಂಕಿ ಒತ್ತಿ ತುಂಬುತ್ತಿದ್ದ. ಜಿಎಸ್‌ಟಿಯ ಲೆಕ್ಕವೂ ಅವನದೇ. ತಿಂಗಳಿಗೆ 4,000 ರೂಪಾಯಿ ಸಂಬಳ. ಒಮ್ಮೆ ಒಂದೇ ಎಣ್ಣೆ ಡಬ್ಬಕ್ಕೆ ಎರಡು ಬಿಲ್ ಬಂದಿದ್ದನ್ನು ಹಿಡಿದ. ಆಗ ಮಾವನಿಗೆ ಅವನು ಕಳಿಸಿದ ದನಿಸಂದೇಶ ಇನ್ನೂ ಇದೆ: "ಮಾವ, ಡಬ್ಬ ಬಂದದ್ದ್ ಒಂದು. ದುಡ್ಡ್ ಎರಡು ಸಲ ಕೊಡ್ಬೇಡಿ. ಕೊಟ್ರೆ ನನ್ನ ಸಂಬಳ್ದಿಂದ ಕಡೀಬೇಡಿ." ಕರುಣೆಯಿಂದ ಕೊಟ್ಟ ಕೆಲಸ ಎಂದು ಮೊದಲು ಮಾವನೂ ಅಂದುಕೊಂಡಿದ್ದರು. ಆ ದಿನದಿಂದ ಹಾಗೆ ಅಂದುಕೊಳ್ಳಲಿಲ್ಲ.

ಇನ್ನೊಂದು ಕೆಲಸವನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಮುಂಬೈಯ ಸೆಂಟ್ರಲ್ ಲೈನಿನಲ್ಲಿ ಭಾನುವಾರ ಮೆಗಾ ಬ್ಲಾಕ್ ಇರುತ್ತದೆ. ಹಳಿ ರಿಪೇರಿಗೆಂದು ಕೆಲವು ಗಂಟೆ ಒಂದು ಲೈನ್ ಮುಚ್ಚುತ್ತಾರೆ. ಮಾಟುಂಗಾ–ಮುಲುಂಡ್ ನಡುವೆ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿಗಳನ್ನು ಫಾಸ್ಟ್ ಲೈನಿಗೆ ತಿರುಗಿಸಿದರೆ ಅವು ವಿದ್ಯಾವಿಹಾರ್, ಕಾಂಜೂರ್‌ಮಾರ್ಗ್, ನಾಹೂರ್‌ನಲ್ಲಿ ನಿಲ್ಲುವುದಿಲ್ಲ. ಪ್ರಕಟಣೆ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬರುತ್ತದೆ. ಊರಿನಿಂದ ಆಗಷ್ಟೇ ಬಂದ ಕ್ಯಾಂಟೀನ್ ಹುಡುಗರಿಗೆ ಒಂದೂ ತಿಳಿಯುವುದಿಲ್ಲ. ಇವನು ಶನಿವಾರ ರಾತ್ರಿ ಅದನ್ನು ಓದಿ, ಕನ್ನಡದಲ್ಲಿ ದನಿಸಂದೇಶ ಮಾಡಿ ಮಾವನ ಕ್ಯಾಂಟೀನಿನ ಗುಂಪಿಗೆ ಹಾಕುತ್ತಿದ್ದ. ಅದು ಒಂದು ಕ್ಯಾಂಟೀನಿನಿಂದ ಇನ್ನೊಂದಕ್ಕೆ ಹೋಯಿತು. ಮುಲುಂಡ್, ಠಾಣೆ, ಡೊಂಬಿವಲಿಯ ಹುಡುಗರಿಗೂ ತಲುಪಿತು.

ಅವನೇ ಲೋಕಲ್ ಹತ್ತಿದ್ದು ಹನ್ನೆರಡು ವರ್ಷದವರೆಗೆ ಮಾತ್ರ, ಅಪ್ಪನ ತೋಳಿನಲ್ಲಿ. ಅಂಗವಿಕಲರ ಡಬ್ಬಿ ಇದೆ ನಿಜ. ಆದರೆ ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವಿನ ಸಂದನ್ನು ವೀಲ್‌ಚೇರ್ ದಾಟುವುದಿಲ್ಲ, ಗಾಡಿ ನಿಲ್ಲುವುದೂ ಕೆಲವೇ ಸೆಕೆಂಡ್. ಪರೇಲಿನ ಆಸ್ಪತ್ರೆಗೆ ಹೋಗಬೇಕಾದರೆ ಆಟೋ ಸಾಯನ್ ದಾಟಿ ಹೋಗುವುದಿಲ್ಲ, ಟ್ಯಾಕ್ಸಿ ಬೇಕು. ಅಪ್ಪನಿಗೆ ಅದು ಒಂದು ದಿನದ ದುಡಿಮೆ. ಹೀಗೆ ತಾನು ಹತ್ತಲಾಗದ ಗಾಡಿಯ ದಾರಿಯನ್ನು ಅವನು ಉಳಿದವರಿಗೆ ಹೇಳುತ್ತಿದ್ದ. ಇದನ್ನು ದೊಡ್ಡ ತ್ಯಾಗ ಎಂದು ನಾನು ಬರೆಯುವುದಿಲ್ಲ. ಅವನಿಗೆ ಗಾಡಿಗಳೆಂದರೆ ಹುಚ್ಚು, ಅಷ್ಟೇ.

2020ರ ಮಾರ್ಚ್‌ನಲ್ಲಿ ಲೋಕಲ್ ನಿಂತಾಗ ಸಂದೇಶವೂ ನಿಂತಿತು. 2021ರ ಆಗಸ್ಟ್ 15ರಿಂದ ಎರಡು ಡೋಸ್ ಲಸಿಕೆ ಆಗಿ 14 ದಿನ ಕಳೆದವರಿಗೆ ಪಾಸ್ ಸಿಗಲು ಶುರುವಾಯಿತು. ಪಾಸ್ ಮಾಡಿಸುವುದು ಹೇಗೆ, ಯಾವ ಕಾಗದ ಬೇಕು ಎಂದು ಅವನು ಎಷ್ಟೋ ಹುಡುಗರಿಗೆ ಫೋನಿನಲ್ಲೇ ಕೂತು ಹೇಳಿಕೊಟ್ಟ. ಅಷ್ಟರಲ್ಲಿ ರಾತ್ರಿ ಬೈಪಾಪ್ ಶುರುವಾಗಿತ್ತು. ದನಿ ಸಣ್ಣಗಾಗಿತ್ತು. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ಬೇಕಿತ್ತು.

ಕೊನೆಯ ದಿನಗಳು

ಬೇಗ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಎದೆಗೆ ಸೋಂಕಾಯಿತು. ಕಫ ಹೊರಗೆ ಹಾಕಲು ಬೇಕಾದ ಸ್ನಾಯುಬಲ ಇರಲಿಲ್ಲ. ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕಿ ವೆಂಟಿಲೇಟರಿನಲ್ಲಿ ಇಡುವುದು ಬೇಡ ಎಂದು ಅವನೇ ಒಂದು ವರ್ಷ ಮೊದಲು ಡಾಕ್ಟರಿಗೆ ಹೇಳಿದ್ದ. ಅಪ್ಪ ಅಮ್ಮನ ಎದುರಿಗೇ ಹೇಳಿದ್ದ. ಅವನು ವಯಸ್ಕ, ಬುದ್ಧಿ ಚುರುಕಾಗಿತ್ತು, ಕೇಳಬೇಕಾದ್ದನ್ನೆಲ್ಲ ಕೇಳಿ ತಿಳಿದುಕೊಂಡಿದ್ದ. ಇಂಥ ಇಚ್ಛೆಯನ್ನು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತ್ತು, 2023ರ ಜನವರಿಯಲ್ಲಿ ಅದರ ಕ್ರಮವನ್ನು ಸುಲಭ ಮಾಡಿತು. ಅವನು ಬೈಪಾಪ್ ಮಾಸ್ಕ್ ಹಾಕಿಕೊಂಡೇ, ಅಕ್ಕ ಪಕ್ಕದಲ್ಲಿರುವಾಗ ಹೋದ.

ಬರಿದಾದ ಖೋಲಿ

ಸಾವಿನ ಮರುದಿನ ನೆಂಟರು ಸೇರಿ ಒಂದು ಕೆಲಸ ಮಾಡಿದರು. ಅಮ್ಮ ಸ್ನಾನ ಮಾಡುತ್ತಿದ್ದಾಗ ಹುಡುಗನ ಮಂಚ, ವೀಲ್‌ಚೇರ್, ಕಮೋಡ್ ಕುರ್ಚಿ, ಔಷಧಿಯ ಡಬ್ಬ ಎಲ್ಲವನ್ನೂ ಪಕ್ಕದ ಚಾಳಿನ ಗೋಡೌನಿಗೆ ಸಾಗಿಸಿದರು. ಕಣ್ಣಿಗೆ ಬೀಳದಿದ್ದರೆ ದುಃಖ ಕಡಿಮೆ ಆಗುತ್ತದೆ ಎಂದು ಅವರ ಲೆಕ್ಕ. ಅಮ್ಮ ಹೊರಗೆ ಬಂದಾಗ ಖೋಲಿ ಬರಿದಾಗಿತ್ತು. ಅವರು ಗೋಡೆಗೆ ಒರಗಿ ಕೂತವರು ಸಂಜೆಯವರೆಗೆ ಏಳಲಿಲ್ಲ.

ಹತ್ತು ವರ್ಷದಿಂದ ಆ ಹೆಂಗಸು ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದು ಮಗನನ್ನು ಮಗ್ಗುಲು ತಿರುಗಿಸಿದ್ದಾರೆ. ಅವನು ಹೋದ ಮೇಲೂ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದರೆ ತಿರುಗಿಸಲು ಯಾರೂ ಇಲ್ಲ, ಮಂಚವೂ ಇಲ್ಲ. ಇಂಥ ತಾಯಂದಿರಿಗೆ ಮಗನ ಜೊತೆಗೆ ದಿನದ ಕೆಲಸ, ರಾತ್ರಿಯ ಕೆಲಸ, ತಾವು ಯಾರು ಎಂಬುದು ಎಲ್ಲ ಒಟ್ಟಿಗೇ ಹೋಗುತ್ತದೆ. "ಇನ್ನಾದ್ರೂ ರೆಸ್ಟ್ ತಗೊ" ಎನ್ನುವವರಿಗೆ ಇದು ಕಾಣುವುದಿಲ್ಲ. ನಾನು ಆ ಮನೆಯಲ್ಲಿ ಮೊದಲು ಕೇಳಿಕೊಂಡದ್ದು ಒಂದೇ: ಮಂಚವನ್ನೂ ವೀಲ್‌ಚೇರನ್ನೂ ವಾಪಸ್ ತನ್ನಿ, ಯಾವಾಗ ತೆಗೆಯಬೇಕೆಂದು ಅಮ್ಮನೇ ಹೇಳಲಿ. ಅಕ್ಕ ಮತ್ತು ಮಾವ ಹೊತ್ತು ತಂದರು. ವೀಲ್‌ಚೇರ್ ನಾಲ್ಕು ತಿಂಗಳು ಅಲ್ಲೇ ಇತ್ತು.

ಮೂರು ಫೋಟೋಗಳು

ದೊಡ್ಡಪ್ಪ ಸುದ್ದಿ ತಿಳಿದ ಕೂಡಲೇ ಊರಿನಿಂದ ಮತ್ಸ್ಯಗಂಧ ರೈಲು ಹತ್ತಿ ಬಂದಿದ್ದರು. ಅವರ ಬಗ್ಗೆ ಹೇಳಲೇಬೇಕು. ಜೀನ್ ಪರೀಕ್ಷೆಗೆ ದುಡ್ಡು ಕೊಟ್ಟವರು ಅವರು. ಬೈಪಾಪ್ ಯಂತ್ರಕ್ಕೆ ಅರ್ಧ ಹಣ ಹಾಕಿದವರೂ ಅವರೇ. ರಜೆಗೆ ಊರಿಗೆ ಹೋದಾಗ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ರಾತ್ರಿ ಯಕ್ಷಗಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವರನ್ನು ಈ ಪ್ರಕರಣದ ಖಳ ಮಾಡುವುದು ನನ್ನಿಂದ ಆಗುವುದಿಲ್ಲ.

ಅವರ ಕೈಯಲ್ಲಿ ಶ್ರದ್ಧಾಂಜಲಿಯ ಕರಡಿತ್ತು. ಹುಟ್ಟಿದಾಗಿನಿಂದ ಕಷ್ಟ ಉಂಡ ಜೀವ ದೇವರ ಪಾದ ಸೇರಿತು ಎಂಬ ಅರ್ಥದ ನಾಲ್ಕು ಸಾಲು. ಹುಟ್ಟಿದಾಗಿನಿಂದ ಎಂಬುದೇ ನಿಜವಲ್ಲ. ಬಿ.ಕಾಂ. ಇಲ್ಲ, ಕೆಲಸ ಇಲ್ಲ.

ಫೋಟೋಗಳು ಮೂರು. ಒಂದು, ಒಂಬತ್ತು ವರ್ಷದವನಾಗಿದ್ದಾಗ ಶಾಲೆಯ ಸಮವಸ್ತ್ರದಲ್ಲಿ ಗೋಡೆ ಹಿಡಿದು ನಿಂತದ್ದು. ಎರಡನೆಯದು ಅಂಗವೈಕಲ್ಯದ ಕಾರ್ಡಿಗೆಂದು ತೆಗೆಸಿದ್ದು, ಮುಖ ಮಾತ್ರ. ಮೂರನೆಯದು 2022ರಲ್ಲಿ ಬಾಗಿಲ ಮುಂದೆ ತೆಗೆದದ್ದು. ವೀಲ್‌ಚೇರ್, ಎದೆಗೆ ಪಟ್ಟಿ, ಬೆನ್ನು ಸ್ವಲ್ಪ ಬಲಕ್ಕೆ ವಾಲಿದೆ, ಮಡಿಲ ಹಲಗೆಯ ಮೇಲೆ ಫೋನು. ಬಾಯಿ ತುಂಬ ನಗು.

ದೊಡ್ಡಪ್ಪ ಎರಡನೆಯದನ್ನು ಸ್ಟುಡಿಯೋಗೆ ಕೊಟ್ಟರು. ಸ್ಟುಡಿಯೋದವರು ಎಲ್ಲರಿಗೂ ಮಾಡುವ ಹಾಗೆ ಕಂಪ್ಯೂಟರಿನಲ್ಲಿ ಕೋಟು, ಟೈ ತೊಡಿಸಿ, ಹಿಂದೆ ನೀಲಿ ಆಕಾಶ ಹಾಕಿ ದೊಡ್ಡದು ಮಾಡಿ ಕೊಟ್ಟರು. ಅದನ್ನು ಮನೆಗೆ ತಂದಾಗ ಅಮ್ಮ ಮೊದಲ ಸಲ ಬಾಯಿ ತೆರೆದರು. "ಈ ಕೋಟ್ ಹಾಕ್ಕಂಡವ ಯಾರ್? ನಂಗ್ ಗುರ್ತ ಇಲ್ಲ" ಎಂದರು. ಅಷ್ಟೇ ಹೇಳಿ ಒಳಗೆ ಹೋದರು.

ಕುರ್ಚಿ ಕಾಣಬಾರದು ಎಂಬುದರ ಹಿಂದಿನ ಕಾರಣ ಮರುದಿನ ಹೊರಗೆ ಬಂತು. ಅಕ್ಕನಿಗೆ 26. ಗಂಡು ನೋಡುತ್ತಿದ್ದರು. ಪತ್ರಿಕೆಯಲ್ಲಿ ವೀಲ್‌ಚೇರಿನ ಫೋಟೋ ಬಂದರೆ ಊರಿಗೆಲ್ಲ ತಿಳಿಯುತ್ತದೆ, ಮನೆತನದ ಕಾಯಿಲೆ ಎನ್ನುತ್ತಾರೆ, ಹುಡುಗಿಯನ್ನು ಯಾರು ಒಪ್ಪುತ್ತಾರೆ? ದೊಡ್ಡಪ್ಪ ಇದನ್ನು ಅಕ್ಕನ ಎದುರು ಹೇಳಲಾರದೆ ನನ್ನ ಹತ್ತಿರ ಹೇಳಿದರು. "ಮೇಡಂ, ಹೋದವ ಹೋದ. ಇದ್ದವಳನ್ನು ನೋಡ್ಬೇಕಲ್ಲ" ಎಂದರು. ಆ ಭಯ ಸುಳ್ಳಲ್ಲ. ಸಂಬಂಧಗಳು ಹೀಗೆ ಮುರಿದುಬಿದ್ದದ್ದನ್ನು ನಾನೂ ನೋಡಿದ್ದೇನೆ.

ಈ ವಿಷಯ ಅಕ್ಕನದು, ಅವಳ ಹತ್ತಿರವೇ ಮಾತಾಡಿ ಎಂದು ನಾನು ಅವರಿಗೆ ಹೇಳಿದೆ. ಮಾತಾಡಿದರು. ಅಕ್ಕನ ಉತ್ತರ ಚಿಕ್ಕದಾಗಿತ್ತು. ತಮ್ಮನನ್ನು ಬಚ್ಚಿಟ್ಟು ಆಗುವ ಮದುವೆ ತನಗೆ ಬೇಡ, ಅದು ನಿಭಾಯಿಸುವುದೂ ಇಲ್ಲ. ಅವಳು ಕೂಗಾಡಲಿಲ್ಲ. ದೊಡ್ಡಪ್ಪನೂ ಕೂಗಾಡಲಿಲ್ಲ. ಆದರೆ ಒಪ್ಪಲೂ ಇಲ್ಲ.

ಅಮ್ಮನ ಮೇಲಿನ ಭಾರ

ಈ ಕಾಯಿಲೆಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುತ್ತದೆ. ತಾಯಿಯಿಂದ ಮಗನಿಗೆ ಬರುತ್ತದೆ. ಈ ಒಂದು ವಾಕ್ಯ 2008ರಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದು, ಅಲ್ಲಿಂದ ಊರಿಗೆ ಹೋಗಿ, "ಅಬ್ಬೆಯಿಂದಲೇ ಬಂದದ್ದಂತೆ" ಎಂದಾಯಿತು. ಹದಿನೈದು ವರ್ಷ ಆ ಮಾತು ಅಮ್ಮನ ತಲೆಯ ಮೇಲಿತ್ತು. ಅವರ ಮೌನಕ್ಕೆ ಅದೂ ಒಂದು ಕಾರಣ ಎಂದು ನನ್ನ ಅಂದಾಜು. ಮಗನ ಬಗ್ಗೆ ತನಗೆ ಮಾತಾಡುವ ಹಕ್ಕಿದೆ ಎಂದೇ ಅವರಿಗೆ ಅನ್ನಿಸುತ್ತಿರಲಿಲ್ಲ.

ಆ ಅರ್ಧ ವಾಕ್ಯದ ಉಳಿದರ್ಧವನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಸುಮಾರು ಮೂರರಲ್ಲಿ ಒಂದು ಮಗುವಿಗೆ ಈ ದೋಷ ಹೊಸದಾಗಿ ಆಗಿರುತ್ತದೆ, ತಾಯಿಯಿಂದ ಬಂದಿರುವುದೇ ಇಲ್ಲ. ಇನ್ನು ತಾಯಿಯಿಂದ ಬಂದಿದ್ದರೂ ಅದು ತಪ್ಪಲ್ಲ. ನಮ್ಮೆಲ್ಲರ ಮೈಯಲ್ಲೂ ನಾವು ಆರಿಸಿಕೊಳ್ಳದ ಜೀನುಗಳಿವೆ. ತಾಯಿ ಈ ಜೀನ್ ಹೊತ್ತಿದ್ದರೆ ಹುಟ್ಟುವ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಅರ್ಧ, ಪ್ರತಿ ಹೆಣ್ಣುಮಗು ಜೀನ್ ಹೊರುವ ಸಾಧ್ಯತೆ ಅರ್ಧ. ಹೊತ್ತ ಹೆಂಗಸರಲ್ಲಿ ಕೆಲವರಿಗೆ ಹೃದಯ ದುರ್ಬಲವಾಗಬಹುದು. ಹಾಗಾಗಿ ಅವರೂ ಆಗಾಗ ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿಸಿಕೊಳ್ಳಬೇಕು. ತಾಯಿಯ ಪರೀಕ್ಷೆ ಮಾಡಿಸಿ ಎಂದು 2008ರಲ್ಲೇ ಬರೆದುಕೊಟ್ಟಿದ್ದರು. ಮಗನ ಖರ್ಚೇ ಹೊರಲಾರದಷ್ಟಿತ್ತು, ಪರೀಕ್ಷೆ ಹಾಗೇ ಉಳಿಯಿತು. ಇದನ್ನೆಲ್ಲ ನಾನು ಅಮ್ಮನಿಗೆ, ಅಪ್ಪನಿಗೆ, ಕೊನೆಗೆ ದೊಡ್ಡಪ್ಪನಿಗೂ ಕೂರಿಸಿಕೊಂಡು ಹೇಳಿದೆ. ದೊಡ್ಡಪ್ಪ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ನುಡಿನಮನ

ಮದುವೆಯಾಗದ ಹುಡುಗ, ಕಾಯಿಲೆಯಲ್ಲಿ ಹೋದವ, ದೊಡ್ಡ ಕಾರ್ಯ ಏನೂ ಬೇಡ ಎಂಬುದು ನೆಂಟರ ಅಭಿಪ್ರಾಯವಾಗಿತ್ತು. ನುಡಿನಮನ ಇಟ್ಟರೆ ಅವನ ಬಗ್ಗೆ ಯಾರು ಏನು ಮಾತಾಡುತ್ತಾರೆ ಎಂದು ಒಬ್ಬರು ಕೇಳಿದರು. ಆ ಪ್ರಶ್ನೆ ಅಪ್ಪನನ್ನು ಚುಚ್ಚಿತು. ಅಲ್ಲಿಯವರೆಗೆ ಅಣ್ಣನ ಮಾತಿಗೆ ತಲೆಯಾಡಿಸುತ್ತಿದ್ದವರು, "ನುಡಿನಮನ ಮಾಡುವ" ಎಂದರು.

ಹೀಗೆ ಒಪ್ಪಂದವಾಯಿತು. ಪತ್ರಿಕೆಗೆ ಮತ್ತು ಮನೆಯ ಉತ್ತರಕ್ರಿಯೆಗೆ ಕೋಟಿನ ಫೋಟೋ, ದೊಡ್ಡಪ್ಪನ ಮಾತಿನಂತೆ. ಪತ್ರಿಕೆಯ ಸಾಲುಗಳನ್ನು ಮಾತ್ರ ಅಕ್ಕ ಬರೆದಳು: ಬಿ.ಕಾಂ. ಪದವೀಧರ, ಕ್ಯಾಂಟೀನಿನ ಲೆಕ್ಕ ನೋಡುತ್ತಿದ್ದವ, ಶನಿವಾರದ ಮೆಗಾ ಬ್ಲಾಕ್ ಸಂದೇಶ ಕೊಡುತ್ತಿದ್ದವ. ನುಡಿನಮನಕ್ಕೆ ವೀಲ್‌ಚೇರಿನ ಫೋಟೋ. ಜಾಗ ಮಾವನ ಕ್ಯಾಂಟೀನ್. ಭಾನುವಾರ ಸಂಜೆ ಐದು ಗಂಟೆಗೆ, ಬ್ಲಾಕ್ ಮುಗಿದ ಮೇಲೆ. ಇದು ಯಾರಿಗೂ ಪೂರ್ತಿ ತೃಪ್ತಿ ಕೊಡಲಿಲ್ಲ. ಎರಡು ವಾರದಲ್ಲಿ, ಅಂಥ ದುಃಖದಲ್ಲಿ, ಅಷ್ಟು ಆದದ್ದೇ ಬಹಳ ಎಂದು ನಾನು ತಿಳಿಯುತ್ತೇನೆ.

ತಯಾರಿಯಲ್ಲಿ ನಾನು ಮನೆಯವರಿಗೆ ಹೇಳಿದ್ದು ಎರಡೇ ಮಾತು. ಒಂದು, ಬರುವವರಿಗೆ ಅವನ ಗುಣ ಹೊಗಳಿ ಎನ್ನಬೇಡಿ, ಅವನು ನಿಮ್ಮ ಜೊತೆ ಮಾಡಿದ ಒಂದು ಕೆಲಸ ಹೇಳಿ ಎನ್ನಿ. ಗುಣ ಕೇಳಿದರೆ "ಎಷ್ಟು ನೋವಿದ್ರೂ ನಗ್ತಿದ್ದ" ಎಂಬಲ್ಲಿಗೆ ಎಲ್ಲರೂ ಬಂದು ನಿಲ್ಲುತ್ತಾರೆ. ಇವನು ಯಾವಾಗಲೂ ನಗುತ್ತಿದ್ದವನೇ ಅಲ್ಲ. ಸಿಟ್ಟು ಜಾಸ್ತಿ, ಹಠ ಜಾಸ್ತಿ. ಎರಡು, ದನಿಸಂದೇಶ ಹಾಕುವುದಾದರೆ ಅಮ್ಮ ಮೊದಲು ಒಬ್ಬರೇ ಕೇಳಲಿ. ಹೋದವರ ದನಿ ಇದ್ದಕ್ಕಿದ್ದಂತೆ ಕಿವಿಗೆ ಬಿದ್ದರೆ ತಡೆದುಕೊಳ್ಳುವುದು ಕಷ್ಟ. ಫೋಟೋ ನೋಡಿ ಅಭ್ಯಾಸವಿರುತ್ತದೆ, ದನಿಗೆ ಇರುವುದಿಲ್ಲ.

ಅಕ್ಕನಿಗೆ 2019ರ ಗಟ್ಟಿ ದನಿ ಬೇಕಿತ್ತು. ಅಮ್ಮ ಕೊನೆಯ ತಿಂಗಳಿನದು ಬೇಕೆಂದರು. ಉಸಿರು ಕಟ್ಟಿ ಕಟ್ಟಿ ಬರುವ ಆ ದನಿಯೇ ಅವರಿಗೆ ಮಗ. ಎರಡನ್ನೂ ಹಾಕಿದರು.

ಅವತ್ತು ಬಂದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಯಾಂಟೀನ್ ಹುಡುಗರಿದ್ದರು. ಹೆಚ್ಚಿನವರು ಅವನನ್ನು ನೋಡಿಯೇ ಇರಲಿಲ್ಲ. ಡೊಂಬಿವಲಿಯಿಂದ ಬಂದ ಒಬ್ಬ ಫೋಟೋ ಮುಂದೆ ತುಂಬ ಹೊತ್ತು ನಿಂತಿದ್ದ. ಆಮೇಲೆ ಎಲ್ಲರ ಮುಂದೆ ಹೇಳಿದ: ಇವರು ರೈಲ್ವೆಯಲ್ಲಿ ಕೆಲಸದಲ್ಲಿದ್ದಾರೆ ಎಂದೇ ತಾನು ಇಷ್ಟು ದಿನ ತಿಳಿದಿದ್ದೆ. ಮುಂಬೈಗೆ ಬಂದ ಹೊಸತರಲ್ಲಿ ಗಾಡಿ ತಪ್ಪಿ ಕುರ್ಲಾದಲ್ಲಿ ನಿಂತು ಫೋನ್ ಮಾಡಿದಾಗ, ತಾನು ಮನೆ ಮುಟ್ಟುವವರೆಗೆ ಲೈನಿನಲ್ಲೇ ಇದ್ದರು. ಎಣ್ಣೆ ಡಬ್ಬದ ಕಥೆಯನ್ನು ಮಾವ ಹೇಳಿದರು, ಜನ ನಕ್ಕರು. ಪರೀಕ್ಷೆ ಬರೆದುಕೊಟ್ಟ ಹುಡುಗಿ ಈಗ ಕೆಲಸದಲ್ಲಿದ್ದಾಳೆ. ಅವಳು ಬರೆಯುವಾಗ ತಪ್ಪು ಮಾಡಿದರೆ ಅವನು ಎಷ್ಟು ಬೈಯುತ್ತಿದ್ದ ಎಂದು ಹೇಳುತ್ತಾ ಅತ್ತುಬಿಟ್ಟಳು.

ದೊಡ್ಡಪ್ಪ ಕೊನೆಗೆ ಎದ್ದರು. ಯಕ್ಷಗಾನಕ್ಕೆ ಹೆಗಲ ಮೇಲೆ ಕರೆದುಕೊಂಡು ಹೋದದ್ದನ್ನು ಹೇಳಿದರು. ಚಂಡೆಯ ಪೆಟ್ಟಿಗೆ ಸರಿಯಾಗಿ ಅವನು ತಮ್ಮ ತಲೆಯ ಮೇಲೆ ತಾಳ ಹಾಕುತ್ತಿದ್ದ ಎಂದರು. ಬಚಾವಾದ ಎಂಬ ಮಾತು ಅವತ್ತು ಅವರ ಬಾಯಿಂದ ಬರಲಿಲ್ಲ. ಅಮ್ಮ ಮಾತಾಡಲಿಲ್ಲ, ಆದರೆ ಮೊದಲ ಸಲ ಜನರ ಎದುರು ದನಿ ತೆಗೆದು ಅತ್ತರು. ಯಾರೂ ತಡೆಯಲಿಲ್ಲ.

ಹಣ, ಯಂತ್ರ, ಕಾಗದ

ಸಾವು ಆಸ್ಪತ್ರೆಯಲ್ಲೇ ಆದ್ದರಿಂದ ನೋಂದಣಿ ಕಷ್ಟವಾಗಲಿಲ್ಲ. ಮನೆಯಲ್ಲಿ ಹೋದವರ ವಿಷಯದಲ್ಲಿ ಮಾತ್ರ 21 ದಿನದೊಳಗೆ ತಿಳಿಸಬೇಕೆಂಬುದನ್ನು ಮನೆಯವರು ನೆನಪಿಟ್ಟುಕೊಳ್ಳಬೇಕು. ಸರ್ಕಾರದ ಮಾಸಾಶನ ಬರುತ್ತಿದ್ದರೆ ಅದನ್ನೂ ಕೂಡಲೇ ತಿಳಿಸಬೇಕು. ಇಲ್ಲದಿದ್ದರೆ ಬಂದ ಹಣ ವಾಪಸ್ ಕಟ್ಟಬೇಕಾಗುತ್ತದೆ.

ಬೈಪಾಪನ್ನು ಇದೇ ಕಾಯಿಲೆಯ ಇನ್ನೊಬ್ಬ ಹುಡುಗನಿಗೆ ಕೊಡಬೇಕೆಂದು ಅವನೇ ಅಕ್ಕನಿಗೆ ಹೇಳಿದ್ದ. ಮಾಸ್ಕ್, ಕೊಳವೆ, ಫಿಲ್ಟರ್ ಬೇರೆಯವರಿಗೆ ಕೊಡುವಂತಿಲ್ಲ, ಹೊಸದೇ ಬೇಕು. ಯಂತ್ರವನ್ನು ಕಂಪನಿಯವರಿಂದ ಸರ್ವಿಸ್ ಮಾಡಿಸಿ, ಹೊಸ ರೋಗಿಯ ಡಾಕ್ಟರ್ ಒತ್ತಡದ ಅಳತೆಯನ್ನು ಮತ್ತೆ ಹೊಂದಿಸಿಕೊಡಬೇಕು. ಹಾಗೇ ಮಾಡಿ ಕೊಟ್ಟರು.

ದೊಡ್ಡ ಮಾತು ಬಂದದ್ದು ಅವನ ಖಾತೆಯ ವಿಷಯದಲ್ಲಿ. ಬ್ಯಾಟರಿಯಿಂದ ಓಡುವ ವೀಲ್‌ಚೇರಿಗೆಂದು ಸಂಬಳದಿಂದ ಉಳಿಸಿಟ್ಟ 86,000 ರೂಪಾಯಿ ಇತ್ತು. ಅದರಿಂದ ಊರಿನ ದೇವಸ್ಥಾನದಲ್ಲಿ ಅನ್ನದಾನ ಮಾಡಿಸುವ ಎಂದರು ದೊಡ್ಡಪ್ಪ. ಅಪ್ಪನೂ ಹೂಂ ಎಂದರು. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮದುವೆಯಾಗದ ಮಗ ಉಯಿಲು ಬರೆಯದೆ ಸತ್ತರೆ ಅವನ ಸ್ವಂತ ದುಡಿಮೆಯ ಆಸ್ತಿ ಮೊದಲು ಸೇರುವುದು ತಾಯಿಗೆ. ತಾಯಿ ಇರುವಾಗ ಅಪ್ಪನಿಗೂ ಪಾಲು ಬರುವುದಿಲ್ಲ. ಬ್ಯಾಂಕಿನಲ್ಲಿ ನಾಮಿನಿಯೂ ಅಮ್ಮನೇ. ಬ್ಯಾಂಕಿನವರು ಇದನ್ನು ಹೇಳಿದಾಗ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಆಶ್ಚರ್ಯಪಟ್ಟವರು ಅಮ್ಮ.

ಅವರು ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ಸಹಿ ಹಾಕಿದರು. ಆ ಹಣದಲ್ಲಿ ತನ್ನ ಮತ್ತು ಮಗಳ ಜೀನ್ ಪರೀಕ್ಷೆ ಮಾಡಿಸುವುದು, ತನ್ನ ಎಕೋ ಮಾಡಿಸುವುದು. ಉಳಿದದ್ದು ಮಗಳ ಹೆಸರಿಗೆ. ಮಗಳು ಒತ್ತಾಯ ಮಾಡಿರಲಿಲ್ಲ. ಪರೀಕ್ಷೆಯ ಮೊದಲು ಇಬ್ಬರೂ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ, ಫಲಿತಾಂಶ ಹೀಗೆ ಬಂದರೆ ಏನು, ಹಾಗೆ ಬಂದರೆ ಏನು ಎಂದು ತಿಳಿದುಕೊಂಡರು. ಫಲಿತಾಂಶ ಬಂದಿದೆ. ಅದು ಅವರಿಬ್ಬರದು, ಇಲ್ಲಿ ಬರೆಯುವುದಿಲ್ಲ.

ಅನ್ನದಾನದ ಮಾತು ಬಿದ್ದುಹೋದದ್ದು, ಅದಕ್ಕಿಂತ ಹೆಚ್ಚಾಗಿ ತನ್ನನ್ನು ಕೇಳದೆ ಪರೀಕ್ಷೆ ಮಾಡಿಸಿದ್ದು, ದೊಡ್ಡಪ್ಪನಿಗೆ ನೋವಾಗಿದೆ. ಊರಿಗೆ ಹೋದವರು ಆಮೇಲೆ ಫೋನ್ ಮಾಡಿಲ್ಲ. ಅಪ್ಪ ಕೆಲಸಕ್ಕೆ ಮರಳಿದ್ದಾರೆ. ಅಣ್ಣನ ವಿಷಯ ಬಂದರೆ ಎದ್ದು ಹೊರಗೆ ಹೋಗುತ್ತಾರೆ. ಅಕ್ಕನಿಗೆ ಬಂದ ಒಂದು ಸಂಬಂಧ ವಿಷಯ ತಿಳಿದ ಮೇಲೆ ಹಿಂದೆ ಸರಿಯಿತು. ಇನ್ನೊಂದು ಮನೆಯವರು ಎಲ್ಲ ಕೇಳಿಸಿಕೊಂಡು, ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ.

ಈಗ ವರ್ಷಾಂತಿಕ ಹತ್ತಿರ ಬಂದಿದೆ. ಭಾವನನ್ನು ಕರೆಯಲೇಬೇಕು ಎಂದು ಅಮ್ಮ ಹಠ ಹಿಡಿದಿದ್ದಾರೆ. ಮಗನನ್ನು ಹೆಗಲ ಮೇಲೆ ಹೊತ್ತವರು ಬರದೆ ಕಾರ್ಯ ಮಾಡುವುದಿಲ್ಲ ಎನ್ನುತ್ತಾರೆ. ಅವರು ಬಂದರೆ ಮತ್ತೆ ಕೋಟಿನ ಫೋಟೋ ಇಡಿ ಎನ್ನುತ್ತಾರೆ ಎಂಬುದು ಅಕ್ಕನ ಚಿಂತೆ. ಹೋದ ವಾರ ನಾನು ಹೋದಾಗ ತಾಯಿ ಮಗಳು ಇದನ್ನೇ ಚರ್ಚಿಸುತ್ತಿದ್ದರು. ಫೋನ್ ತಾನೇ ಮಾಡುತ್ತೇನೆ ಎಂದರು ಅಮ್ಮ. ಯಾವ ಫೋಟೋ ಎಂಬುದನ್ನೂ ತಾನೇ ಹೇಳುತ್ತಾರಂತೆ.